ಮೂರು ಸರ್ಕ್ಯೂಟ್, ಮೂರು ನ್ಯೂಟ್ರಲ್, ಒಂದು ಅರ್ತ್

(ಉಡುಪಿಯಲ್ಲಿ ಮನೆ ಕಟ್ಟುತ್ತಿರುವವರು ಮತ್ತು ವಯರಿಂಗ್ ಕೆಲಸದವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ಪೈಪಿನೊಳಗೆ ಮೂರು ಸರ್ಕ್ಯೂಟ್‌ಗಳ ತಂತಿ ಎಳೆಯಬೇಕಾಗಿದೆ ಎಂದುಕೊಳ್ಳಿ. ಮಲಗುವ ಕೋಣೆಯದು ಒಂದು, ಹಾಲ್‌ನದು ಒಂದು, ಸಿಟೌಟ್‌ನದು ಒಂದು. ಡಿಬಿಯಲ್ಲಿ, ಅಂದರೆ ಕರೆಂಟನ್ನು ಮನೆಗೆಲ್ಲ ಹಂಚುವ ಪೆಟ್ಟಿಗೆಯಲ್ಲಿ, ಮೂರಕ್ಕೂ ಬೇರೆ ಬೇರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇರುವುದರಿಂದ ಕರೆಂಟು ತರುವ ಫೇಸ್ ತಂತಿ ಮೂರು ಆಯಿತು. ಕರೆಂಟು ಮರಳುವ ನ್ಯೂಟ್ರಲ್ ಎಷ್ಟು ಬೇಕು? ಭೂಮಿಗೆ ಸೇರುವ ಅರ್ತ್ ಎಷ್ಟು ಬೇಕು?

ಎರಡೂ ಒಂದೊಂದು ಸಾಕು ಎಂದು ಕೈ ಎತ್ತಿದವರೇ ಇಲ್ಲಿ ಹೆಚ್ಚು. ಎರಡೂ ಮೂರು ಮೂರು ಬೇಕು ಎಂದವರು ಕೆಲವರು. ಅರ್ತ್‌ನ ಮಟ್ಟಿಗೆ ಮೊದಲನೆಯವರು ಸರಿ, ನ್ಯೂಟ್ರಲ್‌ನ ಮಟ್ಟಿಗೆ ಎರಡನೆಯವರು ಸರಿ. ಮೂರು ಸರ್ಕ್ಯೂಟಿಗೆ ಮೂರು ನ್ಯೂಟ್ರಲ್ ಬೇಕು, ಅರ್ತ್ ಒಂದೇ ಸಾಕು. ಹೀಗೇಕೆ ಎಂಬುದನ್ನು ಇವತ್ತು ಬಿಡಿಸಿ ಹೇಳುತ್ತೇನೆ. ಕಾರಣ ತಿಳಿಯದೆ ನಿಯಮವನ್ನಷ್ಟೇ ನೆನಪಿಟ್ಟುಕೊಂಡರೆ, ಪೈಪಿನಲ್ಲಿ ಜಾಗ ಸಾಲದ ದಿನ ಅದನ್ನು ಬಿಟ್ಟುಬಿಡುವುದು ಬಹಳ ಸುಲಭ.

ಗೊಂದಲ ಹುಟ್ಟುವುದು ಟೆಸ್ಟರಿನಿಂದ. ಫೇಸ್ ಮೇಲೆ ಇಟ್ಟರೆ ಅದು ಉರಿಯುತ್ತದೆ. ನ್ಯೂಟ್ರಲ್ ಮೇಲೂ ಉರಿಯುವುದಿಲ್ಲ, ಅರ್ತ್ ಮೇಲೂ ಉರಿಯುವುದಿಲ್ಲ. ಸಾಲದ್ದಕ್ಕೆ, ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ನ್ಯೂಟ್ರಲನ್ನು ಭೂಮಿಗೇ ಕಟ್ಟಿರುತ್ತಾರೆ. ಹಾಗಾಗಿ ಎರಡೂ ಒಂದೇ ಬಗೆಯ ತಂತಿ, ಎಲ್ಲಿ ಹತ್ತಿರ ಸಿಕ್ಕಿತೋ ಅಲ್ಲಿಂದ ತೆಗೆದುಕೊಂಡರಾಯಿತು ಎಂಬ ಭಾವನೆ ಬೇರೂರಿದೆ. ಆದರೆ ಆ ತಂತಿಗಳು ಮಾಡುವ ಕೆಲಸವನ್ನು ನೋಡಿ. ಫೇಸ್‌ನಲ್ಲಿ 4 ಆಂಪಿಯರ್ ಹೋದರೆ ನ್ಯೂಟ್ರಲ್‌ನಲ್ಲಿ ಅದೇ 4 ಆಂಪಿಯರ್ ಮರಳುತ್ತದೆ. ಫ್ಯಾನ್ ತಿರುಗುವಷ್ಟು ಹೊತ್ತೂ ನ್ಯೂಟ್ರಲ್ ದುಡಿಯುತ್ತಿರುತ್ತದೆ. ಅರ್ತ್ ತಂತಿಯಲ್ಲಿ ಸಾಮಾನ್ಯ ದಿನಗಳಲ್ಲಿ ಏನೂ ಹರಿಯಬಾರದು. ಎಲ್ಲೋ ಫ್ರಿಜ್ಜಿನ ಒಳಗಿನ ತಂತಿ ಸಿಪ್ಪೆ ಸುಲಿದು ಲೋಹದ ಮೈಗೆ ತಗುಲಿದ ಆ ಒಂದು ಗಳಿಗೆಗಾಗಿ ಅದು ಇರುವುದು. ನಿತ್ಯ ಕರೆಂಟು ಹೊರುವ ತಂತಿಯನ್ನು ಹಂಚಿಕೊಳ್ಳುವುದಕ್ಕೂ ಅಪಾಯ ಬಂದಾಗ ಮಾತ್ರ ಹೊರುವ ತಂತಿಯನ್ನು ಹಂಚಿಕೊಳ್ಳುವುದಕ್ಕೂ ಬಹಳ ಅಂತರವಿದೆ.

ನ್ಯೂಟ್ರಲ್ ಹಂಚಿಕೊಳ್ಳುವುದರಿಂದ ಆಗುವ ಹಾನಿಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ವಯರ್‌ಮನ್ನರ ಪ್ರಾಣಕ್ಕೆ ಬರುವ ಅಪಾಯ. ಅದನ್ನೇ ಮೊದಲು ಹೇಳುತ್ತೇನೆ.

ಹಾಲ್‌ಗೂ ಮಲಗುವ ಕೋಣೆಗೂ ನ್ಯೂಟ್ರಲ್ ಒಂದೇ ಇದೆ. ಕೋಣೆಯ ಫ್ಯಾನ್ ಬದಲಿಸಲು ವಯರ್‌ಮನ್ ಬಂದಿದ್ದಾರೆ. ಕೋಣೆಯ ಎಂಸಿಬಿಯನ್ನು ಕೆಳಗಿಳಿಸುತ್ತಾರೆ. ಟೆಸ್ಟರ್ ಇಟ್ಟು ನೋಡುತ್ತಾರೆ. ಫೇಸಿನ ಕೆಂಪು ತಂತಿಯಲ್ಲಿ ಏನೂ ಇಲ್ಲ, ನ್ಯೂಟ್ರಲಿನ ಕಪ್ಪು ತಂತಿಯಲ್ಲೂ ಏನೂ ಇಲ್ಲ. ಮಾಡಬೇಕಾದ ಪರೀಕ್ಷೆಯನ್ನೆಲ್ಲ ಅವರು ಮಾಡಿ ಆಯಿತು. ಈಗ ಒಟ್ಟಿಗೆ ತಿರುಚಿರುವ ಎರಡು ಕಪ್ಪು ತಂತಿಗಳನ್ನು ಬಿಚ್ಚುತ್ತಾರೆ. ಒಂದು ಡಿಬಿಯಿಂದ ಬಂದದ್ದು, ಇನ್ನೊಂದು ಹಾಲ್‌ಗೆ ಮುಂದುವರಿದದ್ದು. ಹಾಲ್‌ನ ಎಂಸಿಬಿ ಮೇಲೆಯೇ ಇದೆ, ಅಲ್ಲಿ ಟಿವಿ ನಡೆಯುತ್ತಿದೆ, ಫ್ಯಾನ್ ತಿರುಗುತ್ತಿದೆ. ಬಿಚ್ಚಿದ ಕ್ಷಣ ಹಾಲ್‌ನ ಕರೆಂಟಿಗೆ ಮರಳುವ ದಾರಿ ತಪ್ಪಿತು. ಹಾಲ್‌ನ ಫೇಸ್, ಫ್ಯಾನಿನ ಸುರುಳಿಯನ್ನು ಹಾದು, ಈ ಕಪ್ಪು ತಂತಿಯ ತುದಿಗೆ 230 ವೋಲ್ಟ್ ಆಗಿ ಬಂದು ನಿಂತಿತು. ಅರ್ಧ ನಿಮಿಷದ ಹಿಂದೆ ಟೆಸ್ಟರ್ ಏನೂ ಇಲ್ಲ ಎಂದಿದ್ದ ಅದೇ ತಂತಿ.

ಒಂದು ಕೈಯಲ್ಲಿ ಹಾಲ್‌ಗೆ ಹೋಗುವ ತುದಿ, ಇನ್ನೊಂದು ಕೈಯಲ್ಲಿ ಡಿಬಿಗೆ ಹೋಗುವ ತುದಿ ಇದ್ದರೆ ಕರೆಂಟು ಎದೆಯನ್ನು ಹಾದು ಹೋಗುತ್ತದೆ. ಆಗ ಎಂಸಿಬಿ ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಇದು ಬಹಳ ಸಣ್ಣ ಕರೆಂಟು. ಭೂಮಿಗೆ ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿ ಕೂಡ ಬೀಳುವುದಿಲ್ಲ. ಫೇಸ್‌ನಲ್ಲಿ ಹೋದಷ್ಟೂ ಆ ಮನುಷ್ಯನ ಮೈ ಮೂಲಕ ನ್ಯೂಟ್ರಲಿಗೇ ಮರಳುತ್ತಿದೆ, ಭೂಮಿಗೆ ಏನೂ ಸೋರುತ್ತಿಲ್ಲ. ಮನೆಯಲ್ಲಿರುವ ಯಾವ ರಕ್ಷಣೆಯೂ ಅವರನ್ನು ಕಾಯುವುದಿಲ್ಲ. ಕಾಯಬಹುದಾಗಿದ್ದುದು ಒಂದೇ: ಆ ಪೈಪಿನಲ್ಲಿ ಎಳೆಯದೆ ಉಳಿಸಿದ ಇನ್ನೊಂದು ಕಪ್ಪು ತಂತಿ.

ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ನಮ್ಮಲ್ಲಿ ಕಟ್ಟಡಗಳ ವಯರಿಂಗಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 732 ಇದೆ, ಅರ್ತಿಂಗಿಗೆ ಐಎಸ್ 3043 ಇದೆ. ಐಎಸ್ 732ರ 2019ರ ಪರಿಷ್ಕರಣೆ ಅಂತರರಾಷ್ಟ್ರೀಯ ಐಇಸಿ 60364 ಮಾಲಿಕೆಯ ದಾರಿಯಲ್ಲೇ ನಡೆಯುತ್ತದೆ. ಬ್ರಿಟನ್ನಿನ ಬಿಎಸ್ 7671 ಕೂಡ ಅದೇ ಮನೆತನದ್ದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮೂರಿನ ಅನೇಕರಿಗೆ ಅದರ ಪರಿಚಯವಿದೆ. ಇವುಗಳ ನಿಲುವು ಒಂದೇ. ಡಿಬಿಯಿಂದ ಹೊರಟು ಉಪಕರಣಗಳಿಗೆ ಹೋಗುವ ಪ್ರತಿಯೊಂದು ಸರ್ಕ್ಯೂಟ್ ಇನ್ನೊಂದರಿಂದ ವಿದ್ಯುತ್ ದೃಷ್ಟಿಯಲ್ಲಿ ಬೇರೆಯಾಗಿರಬೇಕು. ಆರಿಸಿಟ್ಟ ಸರ್ಕ್ಯೂಟಿಗೆ ಇನ್ನೊಂದು ಸರ್ಕ್ಯೂಟಿನ ಕಡೆಯಿಂದ ಹಿಂಬಾಗಿಲ ಕರೆಂಟು ಬರಬಾರದು. ಒಂದೇ ಒಂದು ರಿಯಾಯಿತಿ ಇದೆ. ಮೂರು ಫೇಸ್‌ಗಳು ಒಂದೇ ನ್ಯೂಟ್ರಲ್ ಜೊತೆ ಒಂದು ಸರ್ಕ್ಯೂಟ್ ಆಗಿ ಹೋಗಿ, ಮುಂದೆ ಒಂದೊಂದು ಫೇಸ್‌ನಿಂದ ದೀಪಗಳಿಗೆ ಕವಲೊಡೆಯಬಹುದು. ಆದರೆ ಆ ಜೋಡಣೆ ನೋಡಿದವರಿಗೆ ಗುರುತು ಸಿಗುವಂತಿರಬೇಕು, ಮತ್ತು ಒಂದು ಸ್ವಿಚ್ಚಿನಿಂದ ಎಲ್ಲ ತಂತಿಗಳೂ ಒಟ್ಟಿಗೆ ಕಡಿಯುವಂತಿರಬೇಕು. ದೊಡ್ಡ ಸಭಾಭವನಗಳಲ್ಲಿ ಇದಕ್ಕೆ ಅರ್ಥವಿದೆ. ಮನೆಯಲ್ಲಿ ಮೂರು ಬಿಡಿ ಎಂಸಿಬಿಗಳ ಹಿಂದೆ ಒಂದು ನ್ಯೂಟ್ರಲ್ ಇಟ್ಟು ಈ ರಿಯಾಯಿತಿಯ ಹೆಸರು ಹೇಳುವುದು ಸರಿಯಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋಗಳನ್ನು ನೋಡಿ ಕೆಲಸ ಕಲಿಯುವ ಹುಡುಗರು ನಮ್ಮಲ್ಲಿ ಬಹಳ ಇದ್ದಾರೆ. ಕಲಿಯುವ ಆಸೆ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿನ ನ್ಯಾಷನಲ್ ಇಲೆಕ್ಟ್ರಿಕಲ್ ಕೋಡ್ ಬೇರೆ, ನಮ್ಮ ದೇಶದ ನ್ಯಾಷನಲ್ ಇಲೆಕ್ಟ್ರಿಕಲ್ ಕೋಡ್ ಬೇರೆ. ನಮ್ಮದು ಎಸ್‌ಪಿ 30, ಮೊದಲು ಬಂದದ್ದು 1985ರಲ್ಲಿ. ಹೆಸರು ಒಂದೇ ಆದ್ದರಿಂದ ಹುಡುಕಿದರೆ ಅಮೆರಿಕದ್ದೇ ಮುಂದೆ ಬರುತ್ತದೆ. ಅಲ್ಲಿ ಮನೆಗೆ ಬರುವುದು 120 ವೋಲ್ಟ್‌ನ ಎರಡು ಫೇಸ್ ತಂತಿಗಳು, ಅವುಗಳ ನಡುವೆ 240 ವೋಲ್ಟ್. ಒಂದು ಏರುವಾಗ ಇನ್ನೊಂದು ಇಳಿಯುವುದರಿಂದ ಎರಡಕ್ಕೂ ಒಂದೇ ನ್ಯೂಟ್ರಲ್ ಇಟ್ಟರೆ ಎರಡರ ವ್ಯತ್ಯಾಸ ಮಾತ್ರ ಅದರಲ್ಲಿ ಹರಿಯುತ್ತದೆ. ಅದನ್ನು ಅವರ ಕೋಡ್ ತನ್ನ 210.4ನೆಯ ಕಲಮಿನಲ್ಲಿ ಒಪ್ಪುತ್ತದೆ. ವಿಡಿಯೋದಲ್ಲಿ ಅಷ್ಟೇ ಕಾಣುತ್ತದೆ. ಆ ಎರಡು ಬ್ರೇಕರ್‌ಗಳು (ನಮ್ಮ ಎಂಸಿಬಿಯಂಥವು) ಒಟ್ಟಿಗೇ ಆರಬೇಕು ಎಂದು 2008ರ ಆವೃತ್ತಿ ಕಡ್ಡಾಯ ಮಾಡಿದ್ದು, ಒಂದು ಪ್ಲಗ್ ಪಾಯಿಂಟನ್ನು ಬಿಚ್ಚಿದರೆ ಹಂಚಿಕೆಯ ನ್ಯೂಟ್ರಲ್ ಕಡಿಯಬಾರದು ಎಂದು 300.13 ಹೇಳುವುದು, ಕೋಡ್ ಒಪ್ಪಿದ ಇಂಥ ಜೋಡಣೆಗಳನ್ನು ಬಿಟ್ಟು ಒಂದಕ್ಕಿಂತ ಹೆಚ್ಚು ಸರ್ಕ್ಯೂಟಿಗೆ ಒಂದು ನ್ಯೂಟ್ರಲ್ ಸಲ್ಲದು ಎಂದು 2011ರಲ್ಲಿ 200.4 ಸ್ಪಷ್ಟಪಡಿಸಿದ್ದು, ಯಾವುದೂ ಆ ಐದು ನಿಮಿಷದಲ್ಲಿ ಕಾಣುವುದಿಲ್ಲ. ಇನ್ನೂ ಒಂದು ಸಂಗತಿ: ಅಲ್ಲಿಯ ಮುಖ್ಯ ಪೆಟ್ಟಿಗೆಯಲ್ಲಿ ನ್ಯೂಟ್ರಲನ್ನೂ ಅರ್ತನ್ನೂ ಸೇರಿಸಿ ಕಟ್ಟುತ್ತಾರೆ, ಅದು ಆ ಒಂದೇ ಜಾಗದಲ್ಲಿ. ಅದನ್ನು ನೋಡಿ ಇಲ್ಲಿ ಡಿಬಿಯ ನ್ಯೂಟ್ರಲ್ ಪಟ್ಟಿ ಮತ್ತು ಅರ್ತ್ ಪಟ್ಟಿಗಳ ನಡುವೆ ಒಂದು ತಂತಿ ಸೇರಿಸಬೇಡಿ. ನಮ್ಮ ಮನೆಗಳಿಗೆ ಅರ್ತ್ ಬರುವುದು ನಮ್ಮದೇ ಅಂಗಳದ ಅರ್ತ್ ಗುಂಡಿಯಿಂದ. ಮನೆಯೊಳಗೆ ಎಲ್ಲೂ ಅವೆರಡು ಕೂಡಬಾರದು.

ಈಗ ಕರಾವಳಿಯ ಮಳೆಗಾಲಕ್ಕೆ ಬರೋಣ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಬಹುಪಾಲು ನಾಲ್ಕು ತಿಂಗಳಲ್ಲಿ. ಗಾಳಿಗೆ ತೆಂಗಿನ ಗರಿ ಬಿದ್ದು ಮೂರು ಫೇಸ್‌ಗಳಲ್ಲಿ ಒಂದು ಹೋಗುವುದು ಸಾಮಾನ್ಯ. ಅದಕ್ಕೆಂದು ಮೂರು ಫೇಸ್ ಇರುವ ಮನೆಗಳಲ್ಲಿ ಫೇಸ್ ಚೇಂಜರ್ ಇಟ್ಟಿರುತ್ತಾರೆ. ಮೂರು ಫೇಸ್‌ಗಳನ್ನು ಆರ್, ವೈ, ಬಿ ಎಂದು ಕರೆಯುತ್ತಾರೆ. ಆರ್ ಹೋದರೆ ವೈಗೆ ತಿರುಗಿಸುವುದು, ವೈಯೂ ಹೋದರೆ ಎಲ್ಲವನ್ನೂ ಬಿಗೆ ತಿರುಗಿಸುವುದು. ಆ ಅನುಕೂಲದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಂಚಿಕೆಯ ನ್ಯೂಟ್ರಲ್ ಇರುವ ಮನೆಯಲ್ಲಿ ಆ ಗುಂಡಿ ತಿರುಗಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಮೂರು ಸರ್ಕ್ಯೂಟ್‌ಗಳು, ಪ್ರತಿಯೊಂದರಲ್ಲೂ 10 ಆಂಪಿಯರ್ ಎನ್ನೋಣ. ಒಂದರಲ್ಲಿ ಗೀಸರ್, ಒಂದರಲ್ಲಿ ಎಸಿ ಮತ್ತು ಇಸ್ತ್ರಿ ಪೆಟ್ಟಿಗೆ, ಒಂದರಲ್ಲಿ ಅಡುಗೆಮನೆ. ಮೂರೂ ಬೇರೆ ಬೇರೆ ಫೇಸ್‌ನಲ್ಲಿದ್ದಾಗ ಮರಳುವ ಕರೆಂಟುಗಳು ಒಂದನ್ನೊಂದು ಕಡಿದು, ಸಮತೋಲ ಸರಿಯಾಗಿದ್ದರೆ ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಎರಡನ್ನು ಆರಿಸಿದರೆ 10. ಇಲ್ಲಿಯವರೆಗೆ ತೊಂದರೆಯಿಲ್ಲ, ಒಂದೇ ನ್ಯೂಟ್ರಲ್ ಸಾಕು ಎನ್ನುವವರು ಕಂಡಿರುವುದೂ ಇಷ್ಟನ್ನೇ. ಈಗ ಎಲ್ಲವನ್ನೂ ಒಂದೇ ಫೇಸಿಗೆ ತಿರುಗಿಸಿ. ಕಡಿಯಲು ಇನ್ನೇನೂ ಇಲ್ಲ, ಮೂರೂ ಕೂಡಿಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿ 30 ಆಂಪಿಯರ್. ಪೈಪಿನೊಳಗಿನ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ನೆಮ್ಮದಿಯಿಂದ ಹೊರುವುದು ಸುಮಾರು 20. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಒಂದೂವರೆ ಪಟ್ಟು ಕರೆಂಟಿಗೆ ಎರಡೂಕಾಲು ಪಟ್ಟು ಬಿಸಿ. ಮತ್ತು ಇದನ್ನು ಯಾವ ಎಂಸಿಬಿಯೂ ಕಾಣುವುದಿಲ್ಲ. ಮೂರೂ ಎಂಸಿಬಿಗಳು 16 ಆಂಪಿಯರಿನವು, ಪ್ರತಿಯೊಂದರ ಮೂಲಕ ಹೋಗುತ್ತಿರುವುದು 10 ಮಾತ್ರ. ನ್ಯೂಟ್ರಲಿಗೆ ಕಾವಲು ಇಲ್ಲ. ಸ್ಲ್ಯಾಬಿನೊಳಗಿನ ಪೈಪಿನಲ್ಲಿ ಸಿಪ್ಪೆ ಮೆತ್ತಗಾಗಿ ಕರಗುವುದು ಯಾರಿಗೂ ತಿಳಿಯುವುದಿಲ್ಲ.

ನ್ಯೂಟ್ರಲಿಗೂ ಒಂದು ಫ್ಯೂಸ್ ಹಾಕಬಾರದೇ ಎಂದು ಯಾರಾದರೂ ಕೇಳುವುದುಂಟು. ಹಳೆಯ ಹೆಂಚಿನ ಮನೆಗಳಲ್ಲಿ, ಮರದ ಪಟ್ಟಿಯ ವಯರಿಂಗ್ ಇದ್ದ ಕಾಲದಲ್ಲಿ, ಎರಡೂ ತಂತಿಗೆ ಪಿಂಗಾಣಿ ಫ್ಯೂಸ್ ಇಡುತ್ತಿದ್ದರು. ನ್ಯೂಟ್ರಲ್ ಫ್ಯೂಸ್ ಮಾತ್ರ ಸುಟ್ಟರೆ ದೀಪ ಆರುತ್ತದೆ, ಮನೆಯವರು ಕರೆಂಟ್ ಹೋಯಿತೆಂದು ಬಲ್ಬಿಗೆ ಕೈ ಹಾಕುತ್ತಾರೆ, ಫೇಸ್ ಮಾತ್ರ ಹಾಗೇ ಇರುತ್ತದೆ. ಅದಕ್ಕೇ 1956ರ ಭಾರತೀಯ ವಿದ್ಯುತ್ ನಿಯಮಗಳ 32ನೆಯ ನಿಯಮ ನ್ಯೂಟ್ರಲ್‌ನಲ್ಲಿ ಬಿಡಿಯಾಗಿ ಫ್ಯೂಸನ್ನಾಗಲಿ ಸ್ವಿಚ್ಚನ್ನಾಗಲಿ ಇಡಬಾರದು, ಇಟ್ಟರೆ ಫೇಸ್ ಜೊತೆಯಲ್ಲೇ ಕಡಿಯುವ ಜೋಡಿ ಸ್ವಿಚ್ ಇಡಬೇಕು ಎಂದಿತು. ಆ ನಿಯಮಗಳ ಜಾಗಕ್ಕೆ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯೂ ಅದನ್ನೇ ಉಳಿಸಿಕೊಂಡಿತು. ಈಗ 2023ರ ನಿಯಮಾವಳಿ ಜಾರಿಯಲ್ಲಿದೆ.

ಎಲ್‌ಇಡಿ ದೀಪ, ಕಂಪ್ಯೂಟರ್ ತುಂಬಿದ ಅಂಗಡಿ ಕಚೇರಿಗಳವರಿಗೆ ಒಂದು ಸಣ್ಣ ಸೂಚನೆ. ಈ ಉಪಕರಣಗಳು 50 ಹರ್ಟ್ಸ್ ಕರೆಂಟಿನ ಜೊತೆ 150 ಹರ್ಟ್ಸ್‌ನ ಅಂಶವನ್ನೂ ಎಳೆಯುತ್ತವೆ. ಮೂರು ಫೇಸ್‌ಗಳ ಆ ಅಂಶಗಳು ನ್ಯೂಟ್ರಲ್‌ನಲ್ಲಿ ಕಡಿಯುವುದಿಲ್ಲ, ಕೂಡುತ್ತವೆ. ಸಮತೋಲ ಇದೆ ಎಂದು ನ್ಯೂಟ್ರಲನ್ನು ಸಣ್ಣದು ಮಾಡುವ ಕಾಲ ಹೋಯಿತು.

ಹಂಚಿಕೆಯ ನ್ಯೂಟ್ರಲ್ ತುಂಡಾದರೆ ಆಗುವುದು ಇನ್ನೊಂದು ಅನಾಹುತ. ಕಡಲ ಗಾಳಿಯ ಉಪ್ಪು ಜೋಡಣೆಗಳನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಸರ್ವಿಸ್ ವಯರನ್ನು ತಾಮ್ರಕ್ಕೆ ಬರಿದೇ ತಿರುಚಿ ಕಟ್ಟಿದ ಕಡೆ ಬಿಳಿ ಪುಡಿ ಏಳುವುದನ್ನು ನೀವೆಲ್ಲ ಕಂಡಿದ್ದೀರಿ. ಎರಡು ಫೇಸ್‌ಗಳ ಸರ್ಕ್ಯೂಟಿಗೆ ಒಂದೇ ನ್ಯೂಟ್ರಲ್ ಇದ್ದು ಅದು ಬಿಟ್ಟುಹೋದರೆ, ಆ ಎರಡು ಸರ್ಕ್ಯೂಟುಗಳ ಉಪಕರಣಗಳು ಒಂದರ ಹಿಂದೆ ಒಂದು ನಿಂತು 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಸಮವಾಗಿ ಹಂಚಿಕೊಳ್ಳುವುದಿಲ್ಲ. ಒಂದು ಕಡೆ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ, ಅದರ ರೋಧ ಸುಮಾರು 53 ಓಮ್. ಇನ್ನೊಂದು ಕಡೆ 100 ವಾಟ್‌ನ ಬಲ್ಬ್, ಸುಮಾರು 529 ಓಮ್. ಇಸ್ತ್ರಿ ಪೆಟ್ಟಿಗೆಗೆ ಸಿಗುವುದು 36 ವೋಲ್ಟ್, ಬಲ್ಬಿಗೆ 364 ವೋಲ್ಟ್. ಬಲ್ಬಿನ ಜಾಗದಲ್ಲಿ ಟಿವಿ ಇದ್ದರೆ ಟಿವಿ ಹೋಯಿತು. ಕಂಬದಲ್ಲಿ ನ್ಯೂಟ್ರಲ್ ಕಡಿದಾಗ ಇಡೀ ಬೀದಿಗೆ ಆಗುವುದು ಇದೇ. ಮನೆಯೊಳಗೆ ನ್ಯೂಟ್ರಲ್ ಹಂಚಿಕೊಂಡರೆ ಆ ಅಪಾಯವನ್ನು ಗೋಡೆಯೊಳಗೆ ನಾವೇ ಕಟ್ಟಿಟ್ಟುಕೊಂಡಂತೆ.

ಇನ್ನು ಆರ್‌ಸಿಸಿಬಿ. ಇಎಲ್‌ಸಿಬಿ ಎಂದೇ ಇಲ್ಲಿ ಹಲವರು ಕರೆಯುತ್ತೀರಿ, ಅಡ್ಡಿಯಿಲ್ಲ. ಅದರೊಳಗೆ ಒಂದು ಕಬ್ಬಿಣದ ಬಳೆ ಇದೆ. ಅದರ ಮೂಲಕ ಫೇಸ್ ಮತ್ತು ನ್ಯೂಟ್ರಲ್ ಎರಡೂ ಹಾದುಹೋಗುತ್ತವೆ. ಕಡವಿನ ದೋಣಿಯವನು ಬೆಳಿಗ್ಗೆ ಹೊಳೆ ದಾಟಿದವರ ಲೆಕ್ಕವನ್ನು ಸಂಜೆ ಮರಳಿದವರ ಲೆಕ್ಕಕ್ಕೆ ತಾಳೆ ನೋಡುವಂತೆ, ಹೋದ ಕರೆಂಟನ್ನು ಮರಳಿದ ಕರೆಂಟಿಗೆ ಅದು ಸದಾ ತಾಳೆ ನೋಡುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಕಡಿದುಬಿಡುತ್ತದೆ. ಆ ವ್ಯತ್ಯಾಸ ಯಾರದೋ ಮೈ ಮೂಲಕ ಭೂಮಿಗೆ ಹೋಗುತ್ತಿರಬಹುದು ಎಂಬುದು ಅದರ ಲೆಕ್ಕ.

ಈಗಿನ ಮೂರು ಫೇಸ್ ಮನೆಗಳಲ್ಲಿ ಫೇಸಿಗೊಂದರಂತೆ ಮೂರು ಆರ್‌ಸಿಸಿಬಿ, ಮೂರು ನ್ಯೂಟ್ರಲ್ ಪಟ್ಟಿ ಇರುವ ಡಿಬಿ ಸಾಮಾನ್ಯವಾಗಿದೆ. ಒಂದು ಫೇಸಿನಲ್ಲಿ ಸೋರಿಕೆಯಾದರೆ ಇಡೀ ಮನೆ ಕತ್ತಲಾಗುವುದಿಲ್ಲ, ಒಳ್ಳೆಯ ಏರ್ಪಾಡು. ಮನೆ ಕಟ್ಟಿ ವರ್ಷ ಕಳೆದ ಮೇಲೆ ಇನ್ವರ್ಟರ್ ತರುತ್ತಾರೆ. ಇನ್ವರ್ಟರ್ ಜೋಡಿಸುವವರು ಒಂದು ಫೇಸಿನಿಂದ ಅದಕ್ಕೆ ಕರೆಂಟ್ ಕೊಟ್ಟು, ಅದರ ಹೊರಗಿನ ಫೇಸನ್ನು ಎಲ್ಲ ಕೋಣೆಗಳ ದೀಪಗಳಿಗೆ ಸೇರಿಸುತ್ತಾರೆ. ನ್ಯೂಟ್ರಲನ್ನು ಮುಟ್ಟುವುದಿಲ್ಲ, ಅದು ಹೇಗೂ ಇದೆಯಲ್ಲ ಎಂದು. ಈಗ ದೀಪಕ್ಕೆ ಫೇಸ್ ಬರುವುದು ಆರ್ ಫೇಸಿನ ಆರ್‌ಸಿಸಿಬಿ ಮೂಲಕ, ಅದರ ಕರೆಂಟು ಮರಳುವುದು ವೈ ಫೇಸಿನ ಆರ್‌ಸಿಸಿಬಿ ಮೂಲಕ. ಒಂದರಲ್ಲಿ ಹೋದದ್ದು ಮರಳಲಿಲ್ಲ, ಇನ್ನೊಂದರಲ್ಲಿ ಹೋಗದೇ ಇದ್ದದ್ದು ಬಂತು. ಎರಡೂ ಬೀಳುತ್ತವೆ. ಏಳೆಂಟು ವಾಟ್‌ನ ಒಂದು ಎಲ್‌ಇಡಿ ಬಲ್ಬೇ 30 ಮಿಲಿಆಂಪಿಯರಿನ ಆಸುಪಾಸು ಎಳೆಯುತ್ತದೆ. ಎರಡು ದೀಪ ಹೊತ್ತಿಸಿದರೆ ಸಾಕು.

ಆಮೇಲೆ ಏನಾಗುತ್ತದೆ ಎಂಬುದೇ ನನಗೆ ಸಂಕಟದ ವಿಷಯ. ಆರ್‌ಸಿಸಿಬಿ ಕೆಟ್ಟಿದೆ ಎಂದು ಬದಲಿಸುತ್ತಾರೆ. ಹೊಸದೂ ಬೀಳುತ್ತದೆ. ಮಳೆಗಾಲದ ತೇವಕ್ಕೆ ಹೀಗಾಗುತ್ತದೆ ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು ಬಂದು ಅದನ್ನು ಬೈಪಾಸ್ ಮಾಡಿ, ಸಮಸ್ಯೆ ಪರಿಹಾರವಾಯಿತು ಎಂದು ಹೋಗುತ್ತಾರೆ. ಆರ್‌ಸಿಸಿಬಿ ಸತ್ಯವನ್ನೇ ಹೇಳುತ್ತಿತ್ತು. ಮಕ್ಕಳು ಒದ್ದೆ ಕೈಯಲ್ಲಿ ವಾಷಿಂಗ್ ಮಿಷನ್ ಮುಟ್ಟುವ ಮನೆಯಲ್ಲಿ ಆ ಒಂದೇ ಕಾವಲನ್ನು ಕಿತ್ತುಹಾಕಿದ್ದಕ್ಕೆ ಮೂಲ ಕಾರಣ ಎರವಲು ನ್ಯೂಟ್ರಲ್. ಇನ್ವರ್ಟರ್ ಬರಲಿ ಬಾರದಿರಲಿ, ಮನೆ ಕಟ್ಟುವಾಗಲೇ ಇನ್ವರ್ಟರ್ ದೀಪಗಳಿಗೆ ಪ್ರತ್ಯೇಕ ಫೇಸ್, ಪ್ರತ್ಯೇಕ ನ್ಯೂಟ್ರಲ್ ಎಳೆದು ಡಿಬಿಯವರೆಗೆ ತಂದಿಡಿ. ವಯರ್‌ಮನ್ನರಿಗೆ ಇನ್ನೊಂದು ಎಚ್ಚರಿಕೆ: ಮೇನ್ ಸ್ವಿಚ್ ಆರಿಸಿದರೂ ಇನ್ವರ್ಟರ್ ಉಸಿರಾಡುತ್ತಿರುತ್ತದೆ. ಅದನ್ನೂ ಆರಿಸದೆ ಕಪ್ಪು ತಂತಿ ಬಿಚ್ಚಬೇಡಿ.

ಮೆಟ್ಟಿಲ ದೀಪದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೆಳಗೊಂದು ಮೇಲೊಂದು ಸ್ವಿಚ್ ಇರುವ ಟೂ-ವೇ ಜೋಡಣೆಯಲ್ಲಿ ಫೇಸ್ ಕೆಳಮನೆಯಿಂದ, ನ್ಯೂಟ್ರಲ್ ಮೇಲಿನ ಮಹಡಿಯಿಂದ ತೆಗೆದುಕೊಳ್ಳುವುದು ಹಳೆಯ ಅಭ್ಯಾಸ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ಬೇರೆ ಆರ್‌ಆರ್ ನಂಬರಿನ ಮೀಟರ್ ಹಾಕಿಸಿದ ಮೇಲೆ ಇದು ಇನ್ನೂ ಕೆಡುಕು. ಈಗಿನ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆಯುತ್ತವೆ. ವ್ಯತ್ಯಾಸ ಮಿತಿ ದಾಟಿದರೆ ಹೆಚ್ಚಿರುವುದನ್ನೇ ಲೆಕ್ಕಕ್ಕೆ ಹಿಡಿದು ಅರ್ತ್ ಸೂಚಕ ದೀಪವನ್ನು ಹೊತ್ತಿಸುತ್ತವೆ. ಯಾರೂ ಕದಿಯದೆಯೇ ಕದ್ದಂತೆ ಕಾಣುತ್ತದೆ.

ಅರ್ತ್‌ಗೆ ಬರೋಣ. ಅದನ್ನು ಹಂಚಿಕೊಳ್ಳಬಹುದು ಎಂದೆ; ಆದರೆ ಅದಕ್ಕೂ ಕಟ್ಟುಪಾಡುಗಳಿವೆ. ಒಂದೇ ಪೈಪಿನಲ್ಲಿ ಹೋಗುವ ಹಲವು ಸರ್ಕ್ಯೂಟುಗಳಿಗೆ ಒಂದು ಅರ್ತ್ ಸಾಕು, ಅವುಗಳಲ್ಲಿ ಅತಿ ದೊಡ್ಡದಕ್ಕೆ ತಕ್ಕ ದಪ್ಪ ಇರಬೇಕು. ಎರಡು ಸರ್ಕ್ಯೂಟ್ 1.5 ಚದರ ಮಿಲಿಮೀಟರಿನವು, ಒಂದು ಗೀಸರಿನ 4ರದು ಎಂದಾದರೆ ಅರ್ತ್ 4ರದ್ದೇ ಆಗಬೇಕು. ಫೇಸ್ ತಂತಿ 16 ಚದರ ಮಿಲಿಮೀಟರ್ ಆಗುವವರೆಗೂ ತಾಮ್ರದ ಅರ್ತ್ ತಂತಿಗೆ ಅದರ ಸಮ ದಪ್ಪ ಎಂಬುದು ಸರಳ ಲೆಕ್ಕ. ಅಮೆರಿಕದ ಕೋಡ್ ಕೂಡ 250.122ರಲ್ಲಿ ಇದನ್ನೇ ಹೇಳುತ್ತದೆ: ಸರ್ಕ್ಯೂಟ್ ಹಲವಿದ್ದರೆ ದೊಡ್ಡ ಬ್ರೇಕರಿಗೆ ತಕ್ಕ ಅರ್ತ್. ಒಂದೇ ವೇಳೆ ಎರಡು ಕಡೆ ದೋಷ ಬರುವುದು ಬಹಳ ಅಪರೂಪವಾದ್ದರಿಂದ ಮೂರನ್ನೂ ಕೂಡಿಸಬೇಕಾಗಿಲ್ಲ. ಅರ್ತ್‌ನಲ್ಲಿ ಎಲ್ಲೂ ಸ್ವಿಚ್ ಇರಬಾರದು, ಫ್ಯೂಸ್ ಇರಬಾರದು, ಮತ್ತು ಒಂದು ಸಾಕೆಟ್ ಬಿಚ್ಚಿದರೆ ಮುಂದಿನ ಸಾಕೆಟಿನ ಅರ್ತ್ ತಪ್ಪಬಾರದು. ಹಂಚಿಕೆಯ ತಂತಿ ಎಂದಮೇಲೆ ಇದು ಬಹಳ ಮುಖ್ಯ. ಬಾವಿಕಟ್ಟೆಯ ಬಳಿ ಮೂರು ಫೇಸ್ ಪಂಪು ಇರುವವರು ಅದರ ಮೈಗೆ ಎರಡು ಪ್ರತ್ಯೇಕ ಅರ್ತ್ ಜೋಡಣೆ ಇದೆಯೇ ನೋಡಿಕೊಳ್ಳಿ, ನಿಯಮ ಎರಡನ್ನು ಕೇಳುತ್ತದೆ.

ಎಂದಿಗೂ ಮಾಡಬಾರದ್ದು ಅರ್ತನ್ನು ನ್ಯೂಟ್ರಲ್ ಆಗಿ ಬಳಸುವುದು. ಒಂದು ಕಡೆ ನ್ಯೂಟ್ರಲ್ ಕಡಿದಿದೆ, ಗೋಡೆ ಒಡೆಯಲು ಮನೆಯವರು ಒಪ್ಪುವುದಿಲ್ಲ, ಅರ್ತ್‌ನ ಹಸಿರು ತಂತಿಗೆ ಜೋಡಿಸಿದರೆ ದೀಪ ಉರಿಯುತ್ತದೆ. ಉರಿಯುತ್ತದೆ ನಿಜ. ನಮ್ಮೂರಿನ ಕೆಂಪುಕಲ್ಲಿನ ನೆಲವನ್ನು ನೆನಪಿಸಿಕೊಳ್ಳಿ. ಆಗಸ್ಟಿನಲ್ಲಿ ನೀರು ಜಿನುಗುವ ಅದೇ ಮುರಕಲ್ಲು ಏಪ್ರಿಲಿನಲ್ಲಿ ಒಣಗಿ ಬಿರಿಯುತ್ತದೆ, ಅರ್ತ್ ಗುಂಡಿಯ ರೋಧ ಏರುತ್ತದೆ. ಅದು 20 ಓಮ್ ಆಗಿದೆ ಎನ್ನೋಣ. ಅರ್ತನ್ನೇ ನ್ಯೂಟ್ರಲ್ ಮಾಡಿಕೊಂಡ ಪ್ಲಗ್ಗಿಗೆ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿದರೆ ಅರ್ತ್ ತಂತಿ ಸುಮಾರು 63 ವೋಲ್ಟಿಗೆ ಏರುತ್ತದೆ. ಅರ್ತ್ ಎಲ್ಲರಿಗೂ ಒಂದೇ ಆದ್ದರಿಂದ ಫ್ರಿಜ್ಜಿನ ಬಾಗಿಲು, ಗೀಸರಿನ ಮೈ, ಗ್ರೈಂಡರಿನ ತೊಟ್ಟಿ ಎಲ್ಲವೂ 63 ವೋಲ್ಟ್. ಗುಂಡಿಗೆ ಹೋಗುವ ತಂತಿ ತುಕ್ಕು ಹಿಡಿದು ಕಡಿದರಂತೂ ಒಂದು ಸಾದಾ ಬಲ್ಬಿನ ಮೂಲಕವೇ ಮನೆಯ ಎಲ್ಲ ಲೋಹದ ಮೈಗಳಿಗೆ ಪೂರ್ಣ 230 ವೋಲ್ಟ್ ಬರುತ್ತದೆ. ಕಾಯಲೆಂದು ಕಟ್ಟಿದ ತಂತಿಯೇ ಕರೆಂಟನ್ನು ಕೋಣೆ ಕೋಣೆಗೆ ಹಂಚುತ್ತದೆ. ಆರ್‌ಸಿಸಿಬಿ ಇದ್ದರೆ ಈ ಜೋಡಣೆಯನ್ನು ಅದು ಒಂದು ಕ್ಷಣವೂ ಸಹಿಸುವುದಿಲ್ಲ. ಅದೇ 20 ಓಮ್ ಇನ್ನೊಂದನ್ನೂ ಹೇಳುತ್ತದೆ: ಫೇಸ್ ನೇರವಾಗಿ ಫ್ರಿಜ್ಜಿನ ಮೈಗೆ ತಗುಲಿದರೂ ಭೂಮಿಗೆ ಹರಿಯುವುದು 11.5 ಆಂಪಿಯರ್ ಮಾತ್ರ, 16ರ ಎಂಸಿಬಿ ಬೀಳುವುದಿಲ್ಲ. ಸ್ವಂತ ಅರ್ತ್ ಗುಂಡಿಯ ಮನೆಗೆ ಆರ್‌ಸಿಸಿಬಿ ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಹೊಸ ಮನೆ ಕಟ್ಟುವವರು ಇದನ್ನೆಲ್ಲ ತೀರ್ಮಾನಿಸಬೇಕಾದ್ದು ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುಂಚೆ. 20 ಮಿಲಿಮೀಟರ್ ಪೈಪಿನಲ್ಲಿ ಜಾಗ ಸಾಲದಿದ್ದರೆ 25ರದ್ದು ಇಡಿಸಿ, ಅಥವಾ ಎರಡು ಪೈಪ್ ಇಡಿಸಿ. ಒಂದು ಕಾಯಿಲ್ ತಂತಿ 90 ಮೀಟರ್ ಬರುತ್ತದೆ; ಸಾಧಾರಣ ಮನೆಗೆ ಬೇರೆ ಬೇರೆ ನ್ಯೂಟ್ರಲ್ ಎಳೆಯಲು ಕೆಲವೇ ಕಾಯಿಲ್ ಹೆಚ್ಚು ಬೇಕಾದೀತು. ಡಿಬಿಯಲ್ಲಿ ಎಂಸಿಬಿಗಳ ಕ್ರಮದಲ್ಲೇ ನ್ಯೂಟ್ರಲ್‌ಗಳನ್ನೂ ಜೋಡಿಸಿ, ಎರಡಕ್ಕೂ ಒಂದೇ ನಂಬರಿನ ಉಂಗುರ ಹಾಕಿಸಿ. ಪ್ಲಾಸ್ಟರ್ ಆದ ಮೇಲೆ, ಉಪಕರಣ ಹಾಕುವ ಮುಂಚೆ, ಮೇನ್ ಆರಿಸಿ ಎಲ್ಲ ನ್ಯೂಟ್ರಲ್‌ಗಳನ್ನೂ ಪಟ್ಟಿಯಿಂದ ಬಿಡಿಸಿ, ಒಂದಕ್ಕೂ ಇನ್ನೊಂದಕ್ಕೂ ಸಂಪರ್ಕ ಇದೆಯೇ ಎಂದು ಮೀಟರ್ ಇಟ್ಟು ನೋಡಿ. ಇರಬಾರದು. ಪ್ರತಿ ನ್ಯೂಟ್ರಲಿಗೂ ಅರ್ತಿಗೂ ನೋಡಿ. ಅಲ್ಲೂ ಇರಬಾರದು.

ಮುಂದಿನ ಸಾಲಿನವರು ಚೀಟಿಯಲ್ಲಿ ಕೇಳಿದ್ದೀರಿ: ನಲವತ್ತು ವರ್ಷದ ಮನೆ, ಗೋಡೆ ಒಡೆಯಲಾಗದು, ನ್ಯೂಟ್ರಲ್ ಹಂಚಿಕೊಂಡಿದ್ದಾರೋ ಇಲ್ಲವೋ ಗೊತ್ತಿಲ್ಲ, ಏನು ಮಾಡುವುದು? ಮೊದಲು ಪತ್ತೆ ಮಾಡಿ. ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಒಂದು ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿಯಿರಿ, ಆ ಸರ್ಕ್ಯೂಟಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿ, ಉಳಿದ ಸರ್ಕ್ಯೂಟುಗಳಲ್ಲೂ ದೀಪ ಫ್ಯಾನುಗಳು ನಡೆಯುತ್ತಿರಲಿ. ಸೊನ್ನೆ ತೋರಿಸಿದರೆ ಅದರ ನ್ಯೂಟ್ರಲ್ ಅದರದ್ದೇ. ಸೊನ್ನೆ ಬರದಿದ್ದರೆ ಅದರ ಕರೆಂಟು ಬೇರೆ ದಾರಿಯಲ್ಲಿ ಮರಳುತ್ತಿದೆ, ಇಲ್ಲವೇ ಬೇರೆ ಸರ್ಕ್ಯೂಟಿನ ಕರೆಂಟು ಈ ನ್ಯೂಟ್ರಲಿನಲ್ಲಿ ಮರಳುತ್ತಿದೆ. ಹಂಚಿಕೆ ಇದೆ ಎಂದು ಖಚಿತವಾದರೆ, ಮತ್ತು ಹೊಸ ತಂತಿ ಎಳೆಯಲು ನಿಜಕ್ಕೂ ದಾರಿ ಇಲ್ಲದಿದ್ದರೆ, ಆ ಎರಡು ಸರ್ಕ್ಯೂಟುಗಳನ್ನು ಒಂದು ಮಾಡಿಬಿಡಿ. ಎರಡು ಫೇಸ್ ತಂತಿಗಳನ್ನೂ ಒಂದೇ ಎಂಸಿಬಿಗೆ, ಅವುಗಳ ನ್ಯೂಟ್ರಲನ್ನು ಅದೇ ಆರ್‌ಸಿಸಿಬಿಯ ಪಟ್ಟಿಗೆ ತನ್ನಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿಯಾದರೆ ಇನ್ನೂ ಒಳ್ಳೆಯದು. ಆ ಎಂಸಿಬಿ ಅತಿ ಸಣ್ಣ ತಂತಿಯ ಶಕ್ತಿಗೆ ತಕ್ಕದ್ದಾಗಿರಲಿ, 1.5 ಚದರ ಮಿಲಿಮೀಟರ್ ಇದ್ದರೆ 10 ಆಂಪಿಯರ್ ಹಾಕಿ. ಗೀಸರ್, ಎಸಿಯಂಥ ಭಾರದ ಉಪಕರಣಗಳನ್ನು ಅದರಿಂದ ಬಿಡಿಸಿ, ಅವಕ್ಕೆ ಗೋಡೆಯ ಮೇಲೆಯೇ ಕೇಸಿಂಗ್ ಪಟ್ಟಿಯಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರನ್ನೂ ಹೊಸದಾಗಿ ಎಳೆಯಿರಿ. ಎರಡು ಕೋಣೆಗಳು ಒಟ್ಟಿಗೆ ಆರುವುದು ಮನೆಯವರಿಗೆ ಅನನುಕೂಲವೆನಿಸಬಹುದು, ಎಂಸಿಬಿ ಆಗಾಗ ಬೀಳುತ್ತದೆ ಎಂದು ದೊಡ್ಡದು ಹಾಕಲು ಒತ್ತಾಯ ಬರಬಹುದು. ಅದಕ್ಕೆ ಒಪ್ಪಬೇಡಿ, ಮತ್ತು ಡಿಬಿಯ ಬಾಗಿಲ ಒಳಮೈಯಲ್ಲಿ ಈ ಎರಡು ಕೋಣೆಗೆ ನ್ಯೂಟ್ರಲ್ ಒಂದೇ ಎಂದು ಅಳಿಸದ ಶಾಯಿಯಲ್ಲಿ ಬರೆದಿಡಿ.